ಮನೆಯ ಮಾಡು ಸೋರುತ್ತಿದೆಯಾ? ಹೆಂಚಿಗೆ ಕೈ ಹಾಕುವ ಮೊದಲು ನೀರಿನ ದಾರಿ ಹುಡುಕಿ

ಹೋದ ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು, ಜುಲೈ-ಆಗಸ್ಟ್) ನಮ್ಮ ಅಡುಗೆಮನೆಯಲ್ಲಿ, ಸರಿಯಾಗಿ ಒಲೆಯ ಪಕ್ಕದಲ್ಲೇ, ಟಪ್ ಟಪ್ ಅಂತ ನೀರು ಬೀಳಲು ಶುರುವಾಯಿತು. ಮೇಸ್ತ್ರಿ ಬಂದರು. ನೀರು ಬೀಳುವ ಜಾಗದ ನೇರ ಮೇಲೆ ಹತ್ತಿ ಹನ್ನೆರಡು ಹೆಂಚು ಬದಲಿಸಿ, ಕೂಲಿ ತಗೊಂಡು ಹೋದರು. ಸಂಜೆ ಮತ್ತೆ ಟಪ್ ಟಪ್. ಮಾರನೇ ವಾರ ಇನ್ನೂ ಇಪ್ಪತ್ತು ಹೆಂಚು, ಮತ್ತೊಂದು ದಿನದ ಕೂಲಿ, ಅದೇ ಟಪ್ ಟಪ್. ಮೂರನೇ ಸಲ ಯಾರನ್ನೂ ಕರೆಯದೆ ಮಳೆ ಸುರಿಯುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ನೀರು ಒಳಗೆ ಬರುತ್ತಿದ್ದದ್ದು ಎಂಟು ಅಡಿ ಮೇಲೆ, ಮಾಡಿನ ಎರಡು ಇಳಿಜಾರು ತುದಿಯಲ್ಲಿ ಕೂಡುವ ನೆತ್ತಿಯ ಹತ್ತಿರ. ಅಲ್ಲಿಂದ ಪಕ್ಕಾಸಿನ (ನೆತ್ತಿಯಿಂದ ಇಳಿಯುವ ಓರೆ ಮರ) ಅಡಿಮೈ ಹಿಡಿದು ಸಣ್ಣ ದಾರದ ಹಾಗೆ ಇಳಿಯುತ್ತಾ ಬಂದು, ಯಾರೋ ಯಾವ ಕಾಲದಲ್ಲೋ ಹೊಡೆದಿದ್ದ ಒಂದು ಮೊಳೆ ಅಡ್ಡ ಸಿಕ್ಕಿದ ಕಡೆ ತೊಟ್ಟಿಕ್ಕುತ್ತಿತ್ತು. ಮೂವತ್ತೆರಡು ಒಳ್ಳೆ ಹೆಂಚು ಸುಮ್ನೆ ಬದಲಿಸಿದ್ದೆವು.

ಆದ್ದರಿಂದ ಈ ಬರಹದಲ್ಲಿ ರಿಪೇರಿಗಿಂತ ಪತ್ತೆ ಕೆಲಸವೇ ಜಾಸ್ತಿ. ನೀರು ಬೀಳುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ. ಹೆಂಚಾದರೂ ಅಷ್ಟೇ, ಶೀಟಾದರೂ ಅಷ್ಟೇ, ಮೋಲ್ಡ್ (ಕಾಂಕ್ರೀಟ್ ತಾರಸಿ) ಆದರಂತೂ ಕೇಳುವುದೇ ಬೇಡ.

ಯಾವಾಗ ಸೋರುತ್ತದೆ ಅನ್ನುವುದನ್ನು ಮೊದಲು ಬರೆದಿಡಿ

ಏಣಿ ಆಮೇಲೆ. ಮೊದಲು ಕ್ಯಾಲೆಂಡರ್ ಪಕ್ಕ ಒಂದು ಪೆನ್ಸಿಲ್ ನೇತು ಹಾಕಿ. ಮಳೆ ಯಾವಾಗ ಶುರುವಾಯಿತು, ಹನಿ ಯಾವಾಗ ಶುರುವಾಯಿತು, ಗಾಳಿ ಇತ್ತಾ ಇಲ್ವಾ, ಇಷ್ಟೇ. ನಾಲ್ಕು ಮಳೆಗೆ ಬರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಳೆ ಬಂದ ಐದು ನಿಮಿಷದಲ್ಲೇ ಹನಿ ಶುರು, ನಿಂತ ಸ್ವಲ್ಪ ಹೊತ್ತಿಗೆ ಹನಿಯೂ ಬಂದ್ ಅಂದರೆ ಎಲ್ಲೋ ನೇರ ತೂತು ಇದೆ: ಒಡೆದ ಹೆಂಚು, ಜಾರಿದ ಹೆಂಚು, ಶೀಟಿನ ಸ್ಕ್ರೂ. ಎಷ್ಟು ಸುರಿದರೂ ಏನೂ ಇಲ್ಲ, ಪಶ್ಚಿಮದ ಗಾಳಿ ಎದ್ದಾಗ ಮಾತ್ರ ಒಳಗೆಲ್ಲ ಒದ್ದೆ ಅಂದರೆ ಜೋಡಣೆಗಳಲ್ಲೋ ಗೋಡೆಯಲ್ಲೋ ತೊಂದರೆ. ಮಳೆ ನಿಂತು ಅರ್ಧ ದಿನವಾದರೂ ಸೋರುತ್ತಲೇ ಇದ್ದರೆ ಅದು ಹೆಚ್ಚಾಗಿ ಆರ್‌ಸಿಸಿ ತಾರಸಿ, ಮೇಲೆ ನೀರು ನಿಂತಿದೆ. ಮಳೆಯೇ ಇಲ್ಲದ ದಿನ ಸೋರಿದರೆ ತಾರಸಿ ಮೇಲಿನ ಟ್ಯಾಂಕ್ ಮತ್ತು ಪೈಪ್ ನೋಡಿ, ಶೀಟ್ ಮನೆಯಾದರೆ ಬೆವರು ಅಂತ ಅನುಮಾನಿಸಿ (ಅದರ ಕಥೆ ಮುಂದೆ ಇದೆ). ಚಾವಣಿಯ ಕಲೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಹಾಕಿ. ಕಲೆ ಗೆರೆ ದಾಟಿದರೆ ಸೋರಿಕೆ ಈಗಲೂ ಇದೆ ಅಂತ ಅರ್ಥ, ದಾಟದಿದ್ದರೆ ಅದು ಹಳೇ ಕಲೆ, ಬಣ್ಣ ಬಳಿದರೆ ಸಾಕು.

ಒಂದು ಎಚ್ಚರಿಕೆ. ನೀರು ಲೈಟಿನ ಹತ್ತಿರವೋ ಫ್ಯಾನಿನ ಹತ್ತಿರವೋ ಇಳಿಯುತ್ತಿದ್ದರೆ ಪತ್ತೆ ಕೆಲಸ ಎಲ್ಲ ಆಮೇಲೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಹೆಂಚಿನ ಮನೆ

ಮಧ್ಯಾಹ್ನ ಅಟ್ಟ ಹತ್ತಿ, ಲೈಟ್ ಆರಿಸಿ, ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಬೆಳಕಿನ ಚುಕ್ಕೆಗಳು ಕಾಣಿಸುತ್ತವೆ. ಎಲ್ಲ ಚುಕ್ಕೆಯೂ ತೂತಲ್ಲ. ಹೆಂಚಿನ ಜೋಡಣೆಯಲ್ಲಿ ಸಣ್ಣ ಬೆಳಕು ಬಂದೇ ಬರುತ್ತದೆ, ಅಲ್ಲಿ ನೀರು ಬರಬೇಕೆಂದಿಲ್ಲ. ಹೆಂಚಿನ ನಟ್ಟನಡುವೆ ಬೆಳಕು ಕಂಡರೆ, ಅಥವಾ ಬೆಳಕಿನ ಕೆಳಗೆ ಮರದ ಮೇಲೆ ಕಪ್ಪು ಗೆರೆ ಇದ್ದರೆ, ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಕಪ್ಪು ಗೆರೆಯೇ ನೀರಿನ ದಾರಿ. ಅದನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ, ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊರಗಡೆ ನೋಡಬೇಕು.

ಬಿರುಕು ಕಣ್ಣಿಗೆ ಕಾಣದೇ ಇರಬಹುದು, ಕಿವಿಗೆ ಗೊತ್ತಾಗುತ್ತದೆ. ಒಣಗಿದ ಹೆಂಚನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿ. ಒಳ್ಳೆ ಹೆಂಚು ಠಣ್ ಅನ್ನುತ್ತದೆ. ಕೂದಲೆಳೆ ಬಿರುಕಿದ್ದರೂ ಡಬ್ ಅಂತ ಸತ್ತ ಸದ್ದು ಬರುತ್ತದೆ. ನಮ್ಮ ಅಮ್ಮ ಮಡಕೆ ಕೊಳ್ಳುವಾಗ ಮಾಡುವುದೂ ಇದನ್ನೇ. ಹೆಂಚಿನ ಬೆನ್ನಿಗೆ ರೀಪಿಗೆ (ಹೆಂಚು ಕೂರುವ ಅಡ್ಡ ಪಟ್ಟಿ) ಸಿಕ್ಕಿಸಲು ಸಣ್ಣ ಮೂಗು ಇರುತ್ತದಲ್ಲ, ಅದನ್ನೂ ನೋಡಿ. ಅದು ಮುರಿದಿದ್ದರೆ ಹೆಂಚು ಎಷ್ಟೇ ಚೆನ್ನಾಗಿದ್ದರೂ ನಿಧಾನಕ್ಕೆ ಕೆಳಗೆ ಜಾರುತ್ತದೆ. ನೀವು ಮೇಲೆ ತಳ್ಳುತ್ತೀರಿ, ಮುಂದಿನ ಗಾಳಿಗೆ ಅದು ಮತ್ತೆ ಜಾರುತ್ತದೆ.

ಹೊಸ ಹೆಂಚು ತರುವಾಗ ಒಂದು ಹಳೇ ಹೆಂಚನ್ನು ಜೊತೆಯಲ್ಲೇ ಒಯ್ಯಿರಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಎಷ್ಟೋ ಮುಚ್ಚಿದವು. ಎಲ್ಲರ ಅಳತೆ ಒಂದೇ ಅಲ್ಲ. ಹೆಂಚಿನ ಮೈಮೇಲೆ ಕಾರ್ಖಾನೆ ಹೆಸರು ಅಚ್ಚೊತ್ತಿರುತ್ತದೆ, ಅದನ್ನು ಓದಿ ಅದೇ ಹೆಸರಿನದು ಹುಡುಕಿ. ಬೇರೆ ಕಾರ್ಖಾನೆಯದು ಸೇರಿಸಿದರೆ ಪಕ್ಕದ ತೋಡಿಗೆ ಸರಿಯಾಗಿ ಕೂರುವುದಿಲ್ಲ, ಒಂದು ಸೋರಿಕೆ ಮುಚ್ಚಲು ಹೋಗಿ ಎರಡು ಮಾಡಿಕೊಂಡ ಹಾಗೆ. ಹಳೇ ಮನೆ ಕೆಡವಿದ ಕಡೆ ಹುಡುಕಿದರೆ ಹೊಂದುವ ಹೆಂಚು ಸಿಗುವುದುಂಟು.

ನನ್ನ ಅನುಭವದಲ್ಲಿ ನಡು ಮಾಡಿನ ಹೆಂಚು ಸೋರುವುದಕ್ಕಿಂತ ಈ ಮೂರು ಜಾಗ ಸೋರುವುದೇ ಜಾಸ್ತಿ.

ಒಂದು ನೆತ್ತಿ. ನೆತ್ತಿಯ ಹೆಂಚನ್ನು ಗಾರೆಯಲ್ಲಿ ಕೂರಿಸಿರುತ್ತಾರೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಬರೀ ಸಿಮೆಂಟ್ ಗಾರೆ ಆ ಅಲುಗಾಟಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಪಾಚಿ ಬೆಳೆಯುತ್ತದೆ, ಪಾಚಿ ನೀರು ಹಿಡಿದು ಕೂರುತ್ತದೆ. ನಮ್ಮ ಅಡುಗೆಮನೆಯ ಕಳ್ಳ ಇದೇ. ಉಗುರಿನಲ್ಲಿ ಕೆದಕಿದರೆ ಗಾರೆಯ ಒಂದು ಗೇಣು ತುಂಡು ಬಿಸ್ಕತ್ತಿನ ಹಾಗೆ ಎದ್ದು ಬಂತು, ಅದರ ಕೆಳಗೆ ಹಸಿರು ಪಾಚಿ, ಬೇರು ಸಮೇತ ಒಂದು ಪುಟ್ಟ ಗಿಡ ಬೇರೆ! ಇಂಥ ಕಡೆ ಬಿರುಕಿನ ಮೇಲೆ ಹೊಸ ಸಿಮೆಂಟ್ ಸವರಿ ಪ್ರಯೋಜನವಿಲ್ಲ. ಹಳೇ ಗಾರೆ ಪೂರ್ತಿ ಕೆತ್ತಿ ತೆಗೆದು, ಧೂಳು ತೊಳೆದು, ಸುಣ್ಣ ಬೆರೆಸಿದ ಗಾರೆಯಲ್ಲಿ ಹೆಂಚನ್ನು ಮತ್ತೆ ಕೂರಿಸಬೇಕು.

ಎರಡು, ಎರಡು ಮಾಡು ಕೂಡುವ ಮೂಲೆ. ಮೇಸ್ತ್ರಿಗಳು ವ್ಯಾಲಿ ಅನ್ನುತ್ತಾರೆ. ಎರಡು ಮಾಡಿನ ನೀರೂ ಇಲ್ಲೇ ಬರಬೇಕು, ಸಿಲ್ವರ್ ಓಕಿನ ಎಲೆಯೂ ಇಲ್ಲೇ ಬಂದು ಸೇರಬೇಕು. ಎಲೆ ತುಂಬಿದರೆ ನೀರು ತಗಡಿನ ಅಂಚು ದಾಟಿ ಪಕ್ಕದ ಹೆಂಚಿನಡಿ ನುಗ್ಗುತ್ತದೆ. ಮೊದಲು ಎಲೆ ತೆಗೆದು ನೋಡಿ, ಅನೇಕ ಸಲ ಅಷ್ಟಕ್ಕೇ ಸೋರುವುದು ನಿಲ್ಲುತ್ತದೆ. ತಗಡೇ ತುಕ್ಕು ಹಿಡಿದಿದ್ದರೆ ತೇಪೆ ಹಾಕಬೇಡಿ, ಪೂರ್ತಿ ಉದ್ದಕ್ಕೆ ಬದಲಿಸಿ, ಸಾಕಷ್ಟು ಅಗಲದ್ದೇ ಹಾಕಿಸಿ. ನಮ್ಮ ಮಳೆಗೆ ಇಲ್ಲಿ ಕಂಜೂಸುತನ ನಡೆಯುವುದಿಲ್ಲ.

ಮೂರು, ಮಾಡು ಬಂದು ಗೋಡೆಗೆ ತಾಗುವ ಕಡೆ. ಆಮೇಲೆ ಸೇರಿಸಿದ ಬಚ್ಚಲುಮನೆ, ಕಾರ್ ಶೆಡ್ಡು ಇಂಥ ಕಡೆಯೆಲ್ಲ ಇದು ಇದ್ದೇ ಇರುತ್ತದೆ. ಗೋಡೆಗೆ ಸಿಮೆಂಟ್ ಮೆತ್ತಿ ಬಿಟ್ಟರೆ ಒಂದೇ ವರ್ಷ. ಗೋಡೆಯಲ್ಲಿ ಒಂದು ಇಂಚು ಆಳದ ಕೊರೆ ಹೊಡೆದು, ತಗಡಿನ ಮೇಲಂಚನ್ನು ಅದರೊಳಗೆ ಸಿಕ್ಕಿಸಿ, ಕೆಳಗಿನ ಅಂಚು ಹೆಂಚಿನ ಮೇಲೆ ಇಳಿಯುವ ಹಾಗೆ ಮಾಡಿಸಿ.

ಎಲ್ಲ ಹೆಂಚೂ ಸರಿ ಇದ್ದು ಗಾಳಿ ಮಳೆಗೆ ಇಡೀ ಮಾಡೇ ಸೋರಿದರೆ ಇಳಿಜಾರು ಅಳೆಯಿರಿ. ಅಡ್ಡಕ್ಕೆ 10 ಅಡಿಗೆ ಎತ್ತರ ಸುಮಾರು 6 ಅಡಿ ಏರಿದ್ದರೆ 30 ಡಿಗ್ರಿ, ಒಳ್ಳೆಯದು. ನಾಲ್ಕು ಅಡಿಯಷ್ಟೇ ಏರಿದ್ದರೆ ಗಾಳಿ ನೀರನ್ನು ಹೆಂಚಿನಡಿ ಹಿಮ್ಮುಖವಾಗಿ ತಳ್ಳುತ್ತದೆ, ಹೆಂಚು ಬದಲಿಸಿ ಏನೂ ಉಪಯೋಗ ಇಲ್ಲ.

ಕೋತಿ ವಿಷಯ ಹೇಳದಿದ್ದರೆ ಕೊಡಗಿನ ಮಾತು ಪೂರ್ತಿಯಾಗುವುದಿಲ್ಲ ಅಲ್ವಾ? ಹೆಂಚು ಒಂದೇ ಸಾಲಿನಲ್ಲಿ ಅಲ್ಲಲ್ಲಿ ಸರಿದಿದ್ದರೆ, ಹತ್ತಿರದಲ್ಲಿ ಮಾಡಿನ ಮೇಲೆ ಬಾಗಿದ ಹಲಸಿನ ಕೊಂಬೆ ಇದ್ದರೆ, ಕಾರಣ ಮಳೆಯಲ್ಲ. ಕೊಂಬೆ ಕಡಿಸಿ. ಗಾಳಿಗೆ ಮುರಿದು ಬೀಳುವ ಅಪಾಯವೂ ತಪ್ಪುತ್ತದೆ.

ಶೀಟಿನ ಮಾಡು, ತಾರಸಿ ಮೇಲಿನ ಟ್ರಸ್ (ಶೀಟು ಹೊರುವ ಚೌಕಟ್ಟು)

ಶೀಟು ಸೋರಿದರೆ ಹತ್ತರಲ್ಲಿ ಎಂಟು ಸಲ ಸ್ಕ್ರೂ. ಒಂದು ಸ್ಕ್ರೂ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿ. ತಲೆಯ ಕೆಳಗಿನ ಕಪ್ಪು ರಬ್ಬರ್ ವಾಷರ್ ಮೆತ್ತಗೆ ಇರಬೇಕು. ಒಣಗಿದ ಕಿತ್ತಳೆ ಸಿಪ್ಪೆ ಹಾಗೆ ಗಟ್ಟಿಯಾಗಿ ಅಂಚಲ್ಲಿ ಸೀಳಿದ್ದರೆ ಅದರ ಆಯಸ್ಸು ಮುಗಿದಿದೆ, ಒಂದು ಮುಗಿದಿದ್ದರೆ ಅದೇ ದಿನ ಹಾಕಿದ ಉಳಿದವೂ ಮುಗಿದಿವೆ. ಕೆಲವು ಕಡೆ ಹುಡುಗರು ಡ್ರಿಲ್ ಹಿಡಿದು ಜೋರಾಗಿ ಬಿಗಿದು ವಾಷರ್ ಚಪ್ಪಟೆಯಾಗಿ ಹೊರಗೆ ಬಂದಿರುತ್ತದೆ, ಸುತ್ತ ಶೀಟು ತಗ್ಗಾಗಿ ಅಲ್ಲೇ ನೀರು ನಿಲ್ಲುತ್ತದೆ. ಕೆಲವು ಕಡೆ ಸ್ಕ್ರೂ ಓರೆಯಾಗಿ ಹೋಗಿರುತ್ತದೆ. ಸ್ಕ್ರೂ ಶೀಟಿನ ಏರಿನಲ್ಲಿ ಇದೆಯೋ, ನೀರು ಹರಿಯುವ ತಗ್ಗಿನಲ್ಲಿ ಇದೆಯೋ ನೋಡಿ. ತಗ್ಗಿನಲ್ಲಿ ಹೊಡೆದಿದ್ದರೆ ಪ್ರತಿ ಮಳೆಯಲ್ಲೂ ವಾಷರ್ ನೀರಲ್ಲಿ ಮುಳುಗಿಯೇ ಇರುತ್ತದೆ.

ತೂತು ದೊಡ್ಡದಾಗಿದ್ದರೆ ಅದೇ ತೂತಿಗೆ ಒಂದು ಸೈಜ್ ದಪ್ಪ ಸ್ಕ್ರೂ, ಹೊಸ ವಾಷರ್. ಮೇಲೆ ಸಿಲಿಕೋನ್ ಗುಡ್ಡೆ ಹಾಕುವುದು ಎರಡು ಬೇಸಿಗೆಯ ಆಟ. ಡ್ರಿಲ್ ಮಾಡಿದಾಗ ಉದುರಿದ ಕಬ್ಬಿಣದ ಪುಡಿ ಶೀಟಿನ ಮೇಲೆ ಉಳಿದರೆ ಅಲ್ಲೇ ತುಕ್ಕು ಶುರು, ಸಂಜೆ ಇಳಿಯುವ ಮುಂಚೆ ಗುಡಿಸಿಸಿ. ಎರಡು ಶೀಟಿನ ಪಕ್ಕದ ಜೋಡಣೆ ಗಾಳಿ ಬರುವ ದಿಕ್ಕಿಗೆ ಬಾಯಿ ತೆರೆದಿದ್ದರೂ ಮಳೆ ಒಳಗೆ ನುಗ್ಗುತ್ತದೆ. ಮುಂದೆ ಶೀಟು ಹಾಕಿಸುವವರು ಪೂರ್ವದ ಕಡೆಯಿಂದ ಹಾಕುತ್ತಾ ಪಶ್ಚಿಮಕ್ಕೆ ಬನ್ನಿ ಅಂತ ಮೊದಲೇ ಹೇಳಿ, ಆಗ ಪಶ್ಚಿಮದ ಶೀಟು ಮೇಲೆ ಬರುತ್ತದೆ.

ಈಗ ಬೆವರು. ಪರಿಚಯದವರೊಬ್ಬರು ಜನವರಿಯಲ್ಲಿ ಫೋನ್ ಮಾಡಿ, ಮಳೆಯೇ ಇಲ್ಲ, ಬೆಳಿಗ್ಗೆ ಎದ್ದರೆ ಹಾಸಿಗೆ ಒದ್ದೆ, ಶೀಟ್ ಹಾಕಿದವನಿಗೆ ಬುದ್ಧಿ ಕಲಿಸಬೇಕು ಅಂದರು. ಹೋಗಿ ನೋಡಿದರೆ ಶೀಟಿನ ಅಡಿಮೈ ತುಂಬಾ ಮಂಜಿನ ಹಾಗೆ ಸಣ್ಣ ಹನಿ, ಒಂದು ಕಡೆ ಅಲ್ಲ, ಎಲ್ಲ ಕಡೆ ಸಮನಾಗಿ. ಪಕ್ಕದ ಬಚ್ಚಲಿನಲ್ಲಿ ಹಂಡೆ ಒಲೆ ಉರಿಯುತ್ತಿತ್ತು. ಬಿಸಿ ಹಬೆ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತಿತ್ತು, ಅಷ್ಟೇ. ಪಾಪ ಶೀಟಿನವನ ತಪ್ಪು ಏನೂ ಇಲ್ಲ. ನೆತ್ತಿಯಲ್ಲಿ ಗಾಳಿ ಹೋಗಲು ದಾರಿ ಮಾಡಿಸಿ, ಹಬೆ ಹೊರಗೆ ಹೋಗುವ ಹಾಗೆ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಸಾಲದಿದ್ದರೆ ಶೀಟಿನಡಿ ಶಾಖ ತಡೆಯುವ ಹಾಳೆ ಹಾಕಿಸಬೇಕು.

ಹಳೇ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದ್ದವರಿಗೆ ಒಂದು ಮಾತು. ಅದನ್ನು ಕೊಯ್ಯಬೇಡಿ, ಒಣಗಿದಾಗ ಉಜ್ಜಬೇಡಿ, ಒಡೆದು ಮೂಲೆಗೆ ಎಸೆಯಬೇಡಿ. ಅದರ ಧೂಳಿನ ನಾರು ಶ್ವಾಸಕೋಶದಲ್ಲಿ ಉಳಿದು ವರ್ಷಗಳಾದ ಮೇಲೆ ಕ್ಯಾನ್ಸರ್ ತನಕ ಹೋಗಬಹುದು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ, ಒಳ್ಳೆ ಮಾಸ್ಕ್ ಹಾಕಿ, ಇಡೀ ಶೀಟಾಗಿಯೇ ಇಳಿಸಿ. ಮೇಲೆ ನೇರ ಕಾಲಿಡಬೇಡಿ, ಹಲಗೆ ಹಾಸಿ. ಹಳೇ ಶೀಟು ಒಂದು ಕ್ಷಣದಲ್ಲಿ ಮುರಿಯುತ್ತದೆ.

ಮೋಲ್ಡ್

ಮೊದಲು ತಾರಸಿಯ ಪೈಪಿನ ಬಾಯಿ ನೋಡಿ. ನಗಬೇಡಿ, ಇಂಜಿನಿಯರನ್ನು ಕರೆಸಿದ ಮೇಲೆ ಒಂದು ಹಿಡಿ ಎಲೆ ಸಿಕ್ಕಿದ ಮನೆಗಳು ನನಗೆ ಗೊತ್ತು. ಆಮೇಲೆ ವಾಟ, ಅಂದರೆ ನೀರು ಹರಿದು ಹೋಗುವ ಇಳಿಜಾರು. ಮಳೆ ನಿಂತ ಮಾರನೇ ದಿನವೂ ನೀರು ನಿಲ್ಲುವ ಜಾಗವಿದ್ದರೆ ಅಲ್ಲಿ ವಾಟ ಇಲ್ಲ. 10 ಅಡಿಗೆ ಒಂದೂವರೆ ಇಂಚಾದರೂ ಇಳಿಯಬೇಕು.

ಎಲ್ಲಿಂದ ಸೋರುತ್ತಿದೆ ಎಂದು ಖಚಿತ ಮಾಡಿಕೊಳ್ಳಲು ಬೇಸಿಗೆಯಲ್ಲಿ ನೀರು ಕಟ್ಟಿ ನೋಡಬಹುದು. ಪೈಪಿಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಕಾಯಿರಿ. ಒಂದು ಇಂಚು ನೀರು ಅಂದರೆ ಚದರ ಮೀಟರಿಗೆ ಸುಮಾರು 25 ಕೆಜಿ ಭಾರ, ಹಾಗಾಗಿ ಅಡಿಯಲ್ಲಿ ಕಂಬಿ ಕಾಣುತ್ತಿರುವ ಹಳೇ ತಾರಸಿಯಲ್ಲಿ ಈ ಪ್ರಯೋಗ ಬೇಡ. ಒಳಗೆ ಒದ್ದೆ ಕಂಡರೆ ತಾರಸಿಯ ಮೈಯಲ್ಲೇ ದೋಷ. ಏನೂ ಆಗದಿದ್ದರೆ ಪ್ಯಾರಾಪೆಟ್ ಗೋಡೆಯೋ ಹೊರಗೋಡೆಯೋ ನೀರು ಕುಡಿಯುತ್ತಿದೆ.

ಕೊಡಗಿನಲ್ಲಿ ಈ ಗೋಡೆ ಸೋರಿಕೆಯನ್ನು ಜನ ತಾರಸಿಯ ತಲೆಗೆ ಕಟ್ಟುತ್ತಾರೆ. ಒದ್ದೆ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಮೂಲೆಗಳಲ್ಲಿ ಜಾಸ್ತಿ ಇದ್ದು ಮೇಲೆ ಹೋದಂತೆ ಕಡಿಮೆಯಾದರೆ ನೀರು ಮೇಲಿನಿಂದ ಬರುತ್ತಿಲ್ಲ. ಬಣ್ಣದ ಡಬ್ಬದ ಮೇಲೆ ಏನೇ ಬರೆದಿರಲಿ, ಮೂರು ತಿಂಗಳು ಎಡೆಬಿಡದೆ ಹೊಡೆಯುವ ಮಳೆಗೆ ಗೋಡೆಯ ಮುಂದೆ ಅಡ್ಡ ಏನಾದರೂ ಬೇಕು. ಸೂರು ಎರಡು ಅಡಿ ಮುಂದೆ ತರುವುದು, ಆ ಬದಿಗೆ ಶೀಟಿನ ತಡಿಕೆ ಕಟ್ಟುವುದು. ಹಿಂದಿನವರು ಅಡಿಕೆ ಸೋಗೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ತಾರಸಿಗೆ ಕೋಟಿಂಗ್ ಹೊಡೆಸುವುದಾದರೆ ಮಾರ್ಚ್-ಏಪ್ರಿಲ್‌ನಲ್ಲಿ, ಪೂರ್ತಿ ಒಣಗಿದ ಮೇಲೆ. ಪಾಚಿಯನ್ನು ಉಜ್ಜಿ ತೆಗೆದು, ಬಿರುಕನ್ನು ಅಗಲಿಸಿ ತುಂಬಿ, ಮೂಲೆಗಳನ್ನು ದುಂಡಗೆ ಮಾಡಿಸಿ, ಎರಡು ಕೋಟ್, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ. ಒದ್ದೆ ಮೈಮೇಲೆ ಹೊಡೆದರೆ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಬರುತ್ತದೆ. ಅಡಿಯಲ್ಲಿ ಸಿಮೆಂಟ್ ಉದುರಿ ಕಂಬಿ ಕೆಂಪಾಗಿ ಕಾಣುತ್ತಿದ್ದರೆ ಕೋಟಿಂಗ್ ಮಾತೇ ಬೇಡ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತಲೇ ಹೋಗುತ್ತದೆ, ಇಂಜಿನಿಯರ್ ನೋಡಲೇಬೇಕು.

ಬಾಗಿಲು ಇದ್ದಕ್ಕಿದ್ದಂತೆ ಹಿಡಿದುಕೊಳ್ಳುವುದು, ಗೋಡೆಯಲ್ಲಿ ಓರೆ ಬಿರುಕು, ಅಂಗಳದಲ್ಲಿ ನೆಲ ಬಾಯಿ ಬಿಡುವುದು ಇವು ಮಾಡಿನ ದೋಷವೇ ಅಲ್ಲ, ನೆಲ ಜಾರುವ ಸೂಚನೆ. 2018ರ ಆಗಸ್ಟ್‌ನ ಕೊಡಗಿನ ಭೂಕುಸಿತ ಕಂಡವರಿಗೆ ಹೇಳಬೇಕಾಗಿಲ್ಲ, ಬರೆ (ಗುಡ್ಡದ ಇಳಿಜಾರು) ಕಡಿದು ಕಟ್ಟಿದ ಮನೆಯಾದರೆ ರಿಪೇರಿ ಬಿಟ್ಟು ಮೊದಲು ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಿ. ಮಾಡಿನ ನೀರನ್ನೂ ಬರೆಯ ಮೇಲೆ ಬಿಡಬೇಡಿ. 1000 ಚದರ ಅಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ಅಷ್ಟನ್ನೂ ದಂಬೆ (ಸೂರಿನ ನೀರು ಹಿಡಿಯುವ ತೊಟ್ಟಿಲು ಕಾಲುವೆ), ಪೈಪ್ ಮೂಲಕ ಚರಂಡಿ ತನಕ ತಲುಪಿಸಬೇಕು.

ತೇಪೆ ಸಾಕಾ, ಪೂರ್ತಿ ಬದಲಿಸಬೇಕಾ

ಇದನ್ನು ಹೆಂಚು ಹೇಳುವುದಿಲ್ಲ, ಮರ ಹೇಳುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಪಕ್ಕಾಸಿನ ತುದಿ, ಗೋಡೆಯ ಮೇಲೆ ಕೂತ ಭಾಗ, ನೀರಿನ ಕಲೆ ಇರುವ ಕಡೆ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಮರ ಹೋಗಿದೆ. ಗೆದ್ದಲಿನ ಮಣ್ಣಿನ ಗೆರೆ ಹುಡುಕಿ. ಹೊರಗೆ ನಿಂತು ನೆತ್ತಿಯ ಗೆರೆ ನೋಡಿ, ಬೇಕಾದರೆ ತುದಿಯಿಂದ ತುದಿಗೆ ನೂಲು ಕಟ್ಟಿ. ನಡುವೆ ತಗ್ಗಿದ್ದರೆ ಕೆಳಗಿನ ಮರ ಬಗ್ಗಿದೆ. ಒಂದೆರಡು ಪಕ್ಕಾಸು ಹಾಳಾಗಿದ್ದರೆ ಅಷ್ಟೇ ಬದಲಿಸಿ. ತೊಲೆಯೇ ಹೋಗಿದ್ದರೆ ಪೂರ್ತಿ ಇಳಿಸುವುದೇ ಸರಿ.

ಇಳಿಸಿದ ಮೇಲೆ ಎಲ್ಲರೂ ಶೀಟ್ ಹಾಕಿಸಿ ಅನ್ನುತ್ತಾರೆ. ಹಗುರ, ಬೇಗ ಮುಗಿಯುತ್ತದೆ, ನಿಜ. ಆದರೆ ಹಗುರ ಅನ್ನುವುದೇ ಗಾಳಿಗೆ ತೊಂದರೆ, ಟ್ರಸ್ಸನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸದಿದ್ದರೆ ಒಂದು ರಾತ್ರಿ ಪಕ್ಕದ ತೋಟದಲ್ಲಿ ಇರುತ್ತದೆ. ಜಡಿಮಳೆಯಲ್ಲಿ ಶೀಟಿನಡಿ ಕೂತು ಮಾತಾಡಲು ಆಗುವುದಿಲ್ಲ ಅನ್ನುವುದು ಇನ್ನೊಂದು. ನನಗೆ ಕೇಳಿದರೆ ಕಬ್ಬಿಣದ ಪೈಪಿನ ಚೌಕಟ್ಟು, ಮೇಲೆ ಅದೇ ಹಳೇ ಹೆಂಚು. ಠಣ್ ಅನ್ನುವ ಹೆಂಚನ್ನು ಯಾಕೆ ಬಿಸಾಡಬೇಕು? ಒಂದೊಂದು ಹೆಂಚು 2ರಿಂದ 3 ಕೆಜಿ, 100 ಚದರ ಅಡಿಗೆ ಸುಮಾರು 140 ಬೇಕು, ವೆಲ್ಡರ್‌ಗೆ ಈ ಭಾರ ಮೊದಲೇ ಹೇಳಿ. ರೀಪಿನ ಅಂತರವನ್ನು ನಿಮ್ಮ ಹೆಂಚು ಇಟ್ಟೇ ಅಳೆಯಲಿ, ಅಂದಾಜಿಗೆ ಬೇಡ.

ಕಾಫಿ ಕುಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ, ಜೂನ್ ಬಂದರೆ ಹತ್ತಲು ಆಗುವುದಿಲ್ಲ. ಉಳಿದದ್ದು ಮಾರ್ಚ್‌ನಿಂದ ಮೇ. ಹೂ ಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಬಂದಾಗ ಎಲ್ಲರೂ ತೋಟ ನೋಡುತ್ತಾರೆ, ನೀವು ಒಂದು ಸಲ ಅಟ್ಟವನ್ನೂ ನೋಡಿ. ವರ್ಷದ ಮೊದಲ ಪರೀಕ್ಷೆ ಅದೇ, ಅದೂ ಪುಕ್ಕಟೆ.

ಜುಲೈ ನಡುವೆ ಸೋರಿದರೆ

ಒದ್ದೆ ಪಾಚಿ ಮೇಲೆ ಯಾರನ್ನೂ ಹತ್ತಿಸಬೇಡಿ. ಒಂದೇ ಹೆಂಚು ಒಡೆದಿದ್ದರೆ ಅಟ್ಟದ ಒಳಗಿನಿಂದಲೇ, ಮೇಲಿನ ಹೆಂಚಿನಡಿ ತಗಡಿನ ತುಂಡೊಂದನ್ನು ತೂರಿಸಿ ಒಡೆದ ಹೆಂಚಿನ ಮೇಲೆ ಬರುವ ಹಾಗೆ ಇಳಿಸಿ. ತಗಡಿನ ಮೇಲಂಚು ಮೇಲಿನ ಹೆಂಚಿನ ಕೆಳಗೇ ಇರಬೇಕು. ಸೆಪ್ಟೆಂಬರ್ ತನಕ ನಡೆಯುತ್ತದೆ. ಒಳಗೆ ನೀರು ಹರಿಯುವ ಪಕ್ಕಾಸಿಗೆ ಒಂದು ದಾರ ಕಟ್ಟಿ ಬಕೆಟ್ಟಿಗೆ ಇಳಿಬಿಡಿ, ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ, ಮನೆಯವರಿಗೆ ನಿದ್ದೆಯಾದರೂ ಬರುತ್ತದೆ.

ಕಾಫಿ ಮುಚ್ಚುವ ಟಾರ್ಪಾಲ್ ಹಾಕುವುದಾದರೆ ಮಳೆ ಬಿಡುವು ಕೊಟ್ಟಾಗ, ಅಭ್ಯಾಸ ಇರುವವರಿಂದ. ನೆತ್ತಿ ದಾಟಿಸಿ ಆ ಕಡೆಯೂ ನಾಲ್ಕು ಅಡಿ ಇಳಿಸಿ. ಅಂಚನ್ನು ರೀಪಿಗೆ ಎರಡು ಸುತ್ತು ಸುತ್ತಿ ಹಗ್ಗದಲ್ಲಿ ಕೆಳಗೆ ಕಟ್ಟಿ. ಕಲ್ಲು ಹೇರಿದರೆ ಕಲ್ಲು ಜಾರಿ ಇನ್ನೂ ನಾಲ್ಕು ಹೆಂಚು ಹೋಗುತ್ತದೆ.

ಮರ ಬಿದ್ದು ಮಾಡು ಹೋಗಿದ್ದರೆ ಏನನ್ನೂ ಸರಿಸುವ ಮೊದಲು ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಪರಿಹಾರದ ಅರ್ಜಿಗೆ ಅವರ ಸ್ಥಳ ಪರಿಶೀಲನೆ ಬೇಕಾಗುತ್ತದೆ. ಚೊಕ್ಕ ಮಾಡಿದ ಮೇಲೆ ಕರೆದರೆ ತೋರಿಸಲು ಏನೂ ಉಳಿದಿರುವುದಿಲ್ಲ.

ನಮ್ಮ ಮನೆಯಲ್ಲಿ ಬದಲಿಸಿ ಇಳಿಸಿದ ಆ ಮೂವತ್ತೆರಡು ಹೆಂಚು ಈಗಲೂ ಕಟ್ಟಿಗೆ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತಿವೆ. ಮೊನ್ನೆ ಒಂದೊಂದಾಗಿ ತಟ್ಟಿ ನೋಡಿದೆ. ಮೂವತ್ತು ಠಣ್ ಅಂದವು.